ತಾಟು ಮತ್ತು ಕಿಸೆ: ಗಾಂಧೀಜಿ ಜೀವನಪೂರ್ತಿ ಹಾಕಿದ ಊಟದ ಲೆಕ್ಕ

ಬೆಳಗಾವಿ: ಟಿಳಕವಾಡಿಯ ಕಾಂಗ್ರೆಸ್ ರಸ್ತೆ, ವೀರಸೌಧ, ಅಲ್ಲೇ ಇರುವ ಕಾಂಗ್ರೆಸ್ ಬಾವಿ. ಇವು ಗೊತ್ತಿಲ್ಲದವರು ಊರಲ್ಲಿ ಯಾರೂ ಇಲ್ಲ. 1924ರ ಡಿಸೆಂಬರ್‌ನಲ್ಲಿ ಮಹಾತ್ಮ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆಯಿತು. ಅದರ ಶತಮಾನೋತ್ಸವವನ್ನೂ ಊರು ಆಚರಿಸಿ ಆಯ್ತು.

ಆದರೆ ಗಾಂಧೀಜಿಯವರ ಇನ್ನೊಂದು ಮುಖದ ಬಗ್ಗೆ ಮಾತು ಕಡಿಮೆ. ಅವರು ಪಕ್ಕಾ ಲೆಕ್ಕದ ಮನುಷ್ಯ. ಬಡವ ದಿನಕ್ಕೆ ಎಷ್ಟು ದುಡಿಯುತ್ತಾನೆ, ಆ ರೊಕ್ಕದಲ್ಲಿ ಏನು ತಿನ್ನುತ್ತಾನೆ, ತಿಂದದ್ದು ಮೈಗೆ ಹತ್ತುತ್ತದೋ ಇಲ್ಲವೋ ಅಂತ 50 ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ಹಾಕಿದರು. ಮೊದಲ ಪ್ರಯೋಗ ಯಾವಾಗಲೂ ತಮ್ಮ ಮೈಮೇಲೆ. ಕೆಲವು ಫಲಿಸಿದವು, ಕೆಲವು ಸಾವಿನ ಬಾಗಿಲವರೆಗೆ ಒಯ್ದವು. ಬೆಳಗಾವಿ, ನಿಪ್ಪಾಣಿ, ಹುದಲಿ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಲಂಡನ್‌ನಲ್ಲಿ ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ವೈಷ್ಣವ ಬನಿಯಾ ಮನೆತನ. 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್‌ಗೆ ಹೊರಟಾಗ ತಾಯಿ ಪುತಲೀಬಾಯಿ ಮಾಂಸ ಮುಟ್ಟುವುದಿಲ್ಲ ಅಂತ ಮಗನಿಂದ ಮಾತು ತಗೊಂಡಿದ್ದರು.

ಲಂಡನ್‌ಗೆ ಹೋದ ಹೊಸದರಲ್ಲಿ ಹುಡುಗ ಅರೆಹೊಟ್ಟೆಯಲ್ಲೇ ಇದ್ದ. ಉಪ್ಪಿಲ್ಲದ ಬೇಯಿಸಿದ ಕಾಯಿಪಲ್ಲೆ, ಎರಡು ತುಂಡು ಬ್ರೆಡ್, ಅಷ್ಟೇ. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಸಿಕ್ಕಿತು. ಊರು ಬಿಟ್ಟ ಮೇಲೆ ಹೊಟ್ಟೆ ತುಂಬಾ ಉಂಡದ್ದು ಅಲ್ಲೇ. ಸಸ್ಯಾಹಾರದ ಬಗ್ಗೆ ಪುಸ್ತಕ ಓದಿದ್ದೂ ಅಲ್ಲಿಂದ ಶುರು. ಮುಂದೆ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು.

ಖರ್ಚಿನ ಪುಸ್ತಕ ಇಡುವ ರೂಢಿ ಆಗಲೇ ಇತ್ತು. ಬಸ್ಸಿಗೆ ಕೊಟ್ಟದ್ದು, ಅಂಚೆ ಚೀಟಿಗೆ ಕೊಟ್ಟದ್ದು ಎಲ್ಲವೂ ಅದರಲ್ಲಿ ಬರೆಯಬೇಕು. ಮನೆಯಿಂದ ಬರುವ ಹಣ ನೀರಿನಂತೆ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ಒಂದೇ ಕೋಣೆಗೆ ಮನೆ ಬದಲಿಸಿದರು. ಒಂದು ಒಲೆ ತಂದರು. ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ ಮತ್ತು ಕೋಕೋ, ಮಧ್ಯಾಹ್ನ ಮಾತ್ರ ಹೊರಗೆ ಊಟ. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನಲ್ಲಿ ಜೀವನ ನಡೆಯಿತು.

1891ರಲ್ಲಿ, ಇನ್ನೂ 21ರ ಹುಡುಗನಾಗಿದ್ದಾಗ, ಅಲ್ಲಿನ ಸಸ್ಯಾಹಾರಿ ಪತ್ರಿಕೆಗೆ ಭಾರತದ ಊಟದ ಬಗ್ಗೆ ಲೇಖನ ಬರೆದರು. ಭಾರತದಲ್ಲಿ ಲಕ್ಷಾಂತರ ಜನ ದಿನಕ್ಕೆ ಒಂದು ಪೈಸೆಯಲ್ಲಿ, ಅಂದ್ರೆ ಪೆನ್ನಿಯ ಮೂರನೇ ಒಂದು ಭಾಗದಲ್ಲಿ ಬದುಕುತ್ತಾರೆ, ಅವರ ಊಟ ಬರೀ ರೊಟ್ಟಿ ಮತ್ತು ಉಪ್ಪು, ಆ ಉಪ್ಪಿನ ಮೇಲೂ ಸರ್ಕಾರದ ಭಾರಿ ತೆರಿಗೆ ಅಂತ ಅದರಲ್ಲಿ ತಿಳಿಸಿದರು. ದಂಡಿ ಯಾತ್ರೆ ನಡೆದದ್ದು ಇದಾಗಿ 39 ವರ್ಷದ ಮೇಲೆ.

ಆಫ್ರಿಕಾದಲ್ಲಿ ಬೀಸುವ ಕಲ್ಲು, ಹಾಲಿನ ಶಪಥ

1893ರಲ್ಲಿ ವಕೀಲಿ ಕೆಲಸಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ವರ್ಷಗಳು ಕಳೆದಂತೆ ಮನೆಯ ಖರ್ಚು ಇಳಿಸುತ್ತಾ ಹೋದರು. ಜೋಹಾನ್ಸ್‌ಬರ್ಗ್‌ನಲ್ಲಿ 7 ಪೌಂಡ್ ಕೊಟ್ಟು ಕೈಯಿಂದ ತಿರುಗಿಸುವ ಕಬ್ಬಿಣದ ಬೀಸುವ ಯಂತ್ರ ತಂದು, ಮನೆಯಲ್ಲೇ ಗೋಧಿ ಬೀಸತೊಡಗಿದರು. ತೌಡು ತೆಗೆಯದ ಹಿಟ್ಟು, ಜೊತೆಗೆ ಮೈಗೆ ವ್ಯಾಯಾಮ.

1904ರಲ್ಲಿ ಡರ್ಬನ್ ಹತ್ತಿರ ಫೀನಿಕ್ಸ್ ಆಶ್ರಮ ಕಟ್ಟಿದರು. ಅಲ್ಲಿ ಕೆಲಸ ಯಾವುದೇ ಇರಲಿ, ಎಲ್ಲರಿಗೂ ತಿಂಗಳಿಗೆ 3 ಪೌಂಡ್ ಅಂತ ಒಂದೇ ಕೂಲಿ ಗೊತ್ತು ಮಾಡಿದರು. 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯಿತು. ಜೈಲಿಗೆ ಹೋದ ಸತ್ಯಾಗ್ರಹಿಗಳ ಕುಟುಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಕುವ ಜಾಗ ಅದು. ಬೀಸುವುದು, ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ಎಲ್ಲರ ಪಾಲಿಗೂ ಬರುತ್ತಿತ್ತು.

ಇಲ್ಲೇ 1912ರಲ್ಲಿ ಹಾಲು ಬಿಟ್ಟರು. ದನಗಳಿಂದ ಕೊನೆ ಹನಿವರೆಗೂ ಹಾಲು ಹಿಂಡಲು ನಡೆಯುತ್ತಿದ್ದ ಕ್ರೂರ ಪದ್ಧತಿ ಬಗ್ಗೆ ಓದಿ ಮನಸ್ಸು ಕೆಟ್ಟಿತ್ತು. ಹಾಲಿಲ್ಲದೆಯೂ ಗಟ್ಟಿಯಾಗಿ ಇರಬಹುದು ಅನ್ನುವ ನಂಬಿಕೆಯೂ ಇತ್ತು. ಈ ನಂಬಿಕೆ ಮುಂದೆ ಅವರಿಗೆ ಬಾಳ ತುಟ್ಟಿ ಬಿತ್ತು.

1918ರ ಪಾಠ

1915ರಲ್ಲಿ ಭಾರತಕ್ಕೆ ವಾಪಸ್ ಬಂದರು. ಮರುವರ್ಷವೇ, 1916ರಲ್ಲಿ, ಮುಂಬೈ ಪ್ರಾಂತೀಯ ಸಮ್ಮೇಳನಕ್ಕಾಗಿ ಬೆಳಗಾವಿಗೆ ಮೊದಲ ಸಲ ಕಾಲಿಟ್ಟರು. ಲೋಕಮಾನ್ಯ ಟಿಳಕರ ಬಳಗದ ಗಂಗಾಧರರಾವ್ ದೇಶಪಾಂಡೆ ಆಗ ಇಲ್ಲಿನ ದೊಡ್ಡ ನಾಯಕರು. ಹುಟ್ಟೂರು ಬೆಳಗಾವಿ ತಾಲೂಕಿನ ಹುದಲಿ. ಮುಂದೆ ಅವರೇ ಗಾಂಧೀಜಿಯ ನೆಚ್ಚಿನ ಸಹಕಾರಿಯಾದರು.

1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಅಲೆಯುವಾಗ ಗಾಂಧೀಜಿಯ ಮುಖ್ಯ ಆಹಾರ ಅರೆದ ಶೇಂಗಾ ಮತ್ತು ಲಿಂಬು. ಶೇಂಗಾ ಒಳ್ಳೆಯದೇ, ಆದರೆ ದಿನಾ ಅದನ್ನೇ ಅತಿಯಾಗಿ ತಿಂದರೆ ಹೊಟ್ಟೆ ಕೇಳಬೇಕಲ್ಲ. ಆಮಶಂಕೆ ಹಿಡಿಯಿತು. ಮೈಯಲ್ಲಿ ಮಾಂಸ ಉಳಿಯಲಿಲ್ಲ. ಇನ್ನು ಬದುಕುವುದಿಲ್ಲ ಅಂತ ಅವರೇ ತೀರ್ಮಾನಿಸಿ, ಆಶ್ರಮದವರಿಗೆ ಕೊನೆಯ ಮಾತು ಹೇಳುವ ಹಂತಕ್ಕೆ ಹೋದರು.

ಹಾಲು ಕುಡಿಯದೆ ಮೈ ಚೇತರಿಸದು ಅಂದರು ಡಾಕ್ಟರ್. ಶಪಥ ಅಡ್ಡ ಬಂತು. ಶಪಥ ಮಾಡುವಾಗ ಮನಸ್ಸಿನಲ್ಲಿ ಇದ್ದದ್ದು ಆಕಳು, ಎಮ್ಮೆ ಹಾಲು ಮಾತ್ರ, ಆಡಿನ ಹಾಲಿಗೇನು ಅಡ್ಡಿ ಅಂತ ದಾರಿ ತೋರಿಸಿದವರು ಕಸ್ತೂರಬಾ. ಅಲ್ಲಿಂದ ಕೊನೆವರೆಗೂ ಆಡಿನ ಹಾಲು ಬಿಡಲಿಲ್ಲ. ಶಪಥದ ಅಕ್ಷರ ಉಳಿಯಿತು, ಒಳಗಿನ ಅರ್ಥ ಹೋಯಿತು ಅನ್ನುವ ನೋವು ಅವರಿಗೆ ಕೊನೆತನಕ ಇತ್ತು. ಅದನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ತಮ್ಮನ್ನು ನೋಡಿ ಹಾಲು ಬಿಟ್ಟವರು ಮತ್ತೆ ಶುರು ಮಾಡಲಿ ಅಂತಲೂ ತಿಳಿಸಿದರು.

ಟಿಳಕವಾಡಿಯಲ್ಲಿ ನೂಲಿನ ಚಂದಾ

1924ರ ಸೆಪ್ಟೆಂಬರ್‌ನಲ್ಲಿ ಹಿಂದೂ-ಮುಸ್ಲಿಂ ಒಗ್ಗಟ್ಟಿಗಾಗಿ ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದರು. ಆ ದಣಿವು ಪೂರ್ತಿ ಆರುವ ಮೊದಲೇ ಡಿಸೆಂಬರ್‌ನಲ್ಲಿ ಬೆಳಗಾವಿಗೆ ಬಂದರು. ಗಂಗಾಧರರಾವ್ ದೇಶಪಾಂಡೆ ಮುಂದಾಳತ್ವದಲ್ಲಿ ಟಿಳಕವಾಡಿಯ ಬಯಲಲ್ಲಿ ವಿಜಯನಗರ ಹೆಸರಿನ ಊರೇ ಎದ್ದಿತ್ತು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಅಂತ ಹೆಸರು. ಇವತ್ತಿನ ಕಾಂಗ್ರೆಸ್ ಬಾವಿ ಅದೇ.

ಡಿಸೆಂಬರ್ 26 ಮತ್ತು 27ರಂದು ಅಧಿವೇಶನ ನಡೆಯಿತು. ಅಲ್ಲಿ ತೀರ್ಮಾನವಾದ ಒಂದು ವಿಷಯ ಇವತ್ತು ಕೇಳಿದರೆ ವಿಚಿತ್ರ ಅನಿಸುತ್ತದೆ. ಕಾಂಗ್ರೆಸ್ ಸದಸ್ಯನಾಗಬೇಕಾದರೆ ನಾಲ್ಕಾಣೆ ಚಂದಾ ಸಾಲದು, ತಿಂಗಳಿಗೆ 2,000 ಗಜ ನೂಲು ಕೊಡಬೇಕು. ತಾನೇ ನೂಲಬೇಕು, ಆಗದಿದ್ದರೆ ಬೇರೆಯವರಿಂದ ನೂಲಿಸಿ ಕೊಡಬೇಕು.

ಇದರ ಹಿಂದೆ ಇದ್ದದ್ದೂ ಹೊಟ್ಟೆಯ ಲೆಕ್ಕವೇ. ದಾದಾಭಾಯಿ ನವರೋಜಿ ಹಿಂದೆ ಲೆಕ್ಕ ಹಾಕಿದ್ದ ಪ್ರಕಾರ ಭಾರತೀಯನ ತಲಾ ಆದಾಯ ವರ್ಷಕ್ಕೆ 20 ರೂಪಾಯಿ. ರೈತನಿಗೆ ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಕೆಲಸವಿಲ್ಲ. ಆ ತಿಂಗಳುಗಳಲ್ಲಿ ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿದರೆ ತಾಟಿಗೆ ಒಂದಿಷ್ಟು ಬೇಳೆ, ಒಂದು ಹನಿ ಎಣ್ಣೆ ಬರುತ್ತದೆ. ಗಾಂಧೀಜಿಗೆ ಚರಕ ಅಂದ್ರೆ ಬಟ್ಟೆಗಿಂತ ಮೊದಲು ಊಟ.

ಈ ಮಾತು ಖಾನಾಪುರದವರಿಗೆ ಬೇಗ ಅರ್ಥ ಆಗುತ್ತದೆ. ಮಳೆಗಾಲದ ಭತ್ತ ಕೊಯ್ದು ಒಕ್ಕಣೆ ಮುಗಿದ ಮೇಲೆ ನೀರಾವರಿ ಇಲ್ಲದ ಗದ್ದೆಯಲ್ಲಿ ಏನು ಕೆಲಸ? ಅದಕ್ಕೇ ಗೋವಾ ದಾರಿ ಹಿಡಿಯುವವರು ಇಂದಿಗೂ ಇದ್ದಾರೆ. ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಆದರೆ ನೀರು ಹರಿದುಹೋಗುವ ಊರಲ್ಲಿ ಕೆಲಸ ನಿಲ್ಲುವುದಿಲ್ಲ.

ನೂಲಿನ ಚಂದಾ ಮಾತ್ರ ಬಾಳ ದಿನ ನಡೆಯಲಿಲ್ಲ. ಪಟ್ಟಣದ ವಕೀಲರು, ನಾಯಕರು ದಿನಾ ನೂಲಲು ತಯಾರಿರಲಿಲ್ಲ. 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ ಆ ನಿಯಮ ಸಡಿಲಾಯಿತು. ಬದಲಿಗೆ ಅಖಿಲ ಭಾರತ ಚರಕ ಸಂಘ ಹುಟ್ಟಿತು.

ಅಧಿವೇಶನದ ಬೆನ್ನಿಗೇ ಬೆಳಗಾವಿಯಲ್ಲಿ ಗೋರಕ್ಷಣೆ ಸಮ್ಮೇಳನವೂ ನಡೆಯಿತು. ಅದಕ್ಕೂ ಗಾಂಧೀಜಿಯೇ ಅಧ್ಯಕ್ಷರು. ಬರೀ ಭಕ್ತಿಯಿಂದ ದನ ಉಳಿಯದು, ಒಳ್ಳೆ ಮೇವು, ಒಳ್ಳೆ ತಳಿ, ಸರಿಯಾದ ಹೈನುಗಾರಿಕೆ ಬೇಕು, ಸಾಕಿದವನಿಗೆ ಅದು ಕಟ್ಟಬೇಕು ಅನ್ನುವುದು ಮುಂದಿನ ವರ್ಷಗಳಲ್ಲಿ ಅವರ ಗಟ್ಟಿ ನಿಲುವಾಯಿತು.

ನಿಪ್ಪಾಣಿ, ಅಂಬೋಲಿ, ನಂದಿಬೆಟ್ಟ

1927ರ ಮಾರ್ಚ್ ಕೊನೆಯಲ್ಲಿ ಖಾದಿ ಪ್ರವಾಸದಲ್ಲಿದ್ದಾಗ ಕೊಲ್ಹಾಪುರದಲ್ಲಿ ಒಂದೇ ದಿನ ಸಭೆ ಮೇಲೆ ಸಭೆ. ಗಾಂಧೀಜಿ ಕುಸಿದರು. ನಿಪ್ಪಾಣಿಗೆ ಬರುವ ಹೊತ್ತಿಗೆ ಪ್ರವಾಸ ಮುಂದುವರಿಸುವ ಶಕ್ತಿ ಇರಲಿಲ್ಲ. ರಕ್ತದೊತ್ತಡ ಏರಿದೆ, ಕೆಲಸ ನಿಲ್ಲಿಸಲೇಬೇಕು ಅಂತ ಡಾಕ್ಟರ್‌ಗಳು ಪಟ್ಟು ಹಿಡಿದರು. ಬೆಳಗಾವಿ ದಾಟಿ ಅಂಬೋಲಿ ಘಟ್ಟದಲ್ಲಿ ಕೆಲ ದಿನ ವಿಶ್ರಾಂತಿ. ಅಲ್ಲಿಂದ ಏಪ್ರಿಲ್‌ನಲ್ಲಿ ನಂದಿಬೆಟ್ಟಕ್ಕೆ, ಆಮೇಲೆ ಬೆಂಗಳೂರಿಗೆ.

ಬೆಂಗಳೂರಲ್ಲೂ ಸುಮ್ಮನೆ ಕೂರಲಿಲ್ಲ. ಅಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕುವುದು, ಹಾಲಿನ ವ್ಯವಸ್ಥೆ ಹೇಗೆ ಅಂತ ವಿದ್ಯಾರ್ಥಿಯ ಹಾಗೆ ಕಲಿತರು. ಹಾಲು ಬೇಡ ಅಂತ 15 ವರ್ಷದ ಹಿಂದೆ ಶಪಥ ಮಾಡಿದ್ದ ಮನುಷ್ಯ ಈಗ ಹಳ್ಳಿಯ ಬಡವನಿಗೆ ಹಾಲು ಹೇಗೆ ಮುಟ್ಟಿಸುವುದು ಅಂತ ಹುಡುಕುತ್ತಿದ್ದ.

1929ರಲ್ಲಿ ಇನ್ನೊಂದು ಪ್ರಯೋಗ. ಬೇಯಿಸದೇ ತಿಂದರೆ ಕಟ್ಟಿಗೆ ಉಳಿಯುತ್ತದೆ, ಹೆಂಗಸರ ಅಡುಗೆಮನೆ ಹೊಗೆ ತಪ್ಪುತ್ತದೆ ಅಂತ ಮೊಳಕೆ ಗೋಧಿ, ನೆನೆಸಿದ ಕಾಳು, ಹಸಿ ಸೊಪ್ಪು, ಹಣ್ಣು ತಿನ್ನತೊಡಗಿದರು. ಸ್ವಲ್ಪ ತಿಂಗಳಲ್ಲೇ ತೂಕ ಇಳಿದು, ಮತ್ತೆ ಆಮಶಂಕೆ ಬಂತು. ಪ್ರಯೋಗ ಕೈಬಿಟ್ಟರು. ಸೋತದ್ದನ್ನೂ ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹ. ಮಾರ್ಚ್ 12ರಂದು ಸಾಬರಮತಿ ಬಿಟ್ಟು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಕರ್ನಾಟಕದಲ್ಲಿ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಕಾನೂನು ಮುರಿಯಲಾಯಿತು. ಶ್ರೀಮಂತನಿಗೆ ಉಪ್ಪಿನ ತೆರಿಗೆ ಲೆಕ್ಕಕ್ಕೇ ಬರದ ಮಾತು. ಬರೀ ರೊಟ್ಟಿ-ಉಪ್ಪು ತಿನ್ನುವ ಕೂಲಿಯವನಿಗೆ ಅದು ತುತ್ತಿನ ಮೇಲೆ ಬಿದ್ದ ತೆರಿಗೆ. 1891ರಲ್ಲಿ ಬರೆದದ್ದನ್ನು 1930ರಲ್ಲಿ ಮಾಡಿ ತೋರಿಸಿದರು.

ಅಕ್ಕಿ ಗಿರಣಿ, ಬೆಲ್ಲ, ಸೊಪ್ಪು

1934ರ ಡಿಸೆಂಬರ್‌ನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾಯಿತು. ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಕಾರ್ಯದರ್ಶಿ. ಸಲಹೆಗಾರರ ಪಟ್ಟಿಯಲ್ಲಿ ಬೆಂಗಳೂರಿನಲ್ಲಿದ್ದ ಸರ್ ಸಿ.ವಿ. ರಾಮನ್ ಇದ್ದರು. ಕೂನೂರಿನಲ್ಲಿ ಆಹಾರ ಸಂಶೋಧನೆ ಕಟ್ಟಿದ ರಾಬರ್ಟ್ ಮೆಕ್‌ಕ್ಯಾರಿಸನ್ ಕೂಡ ಇದ್ದರು.

ಮೆಕ್‌ಕ್ಯಾರಿಸನ್ ಮಾಡಿದ್ದು ಸರಳ ಪರೀಕ್ಷೆ. ಭಾರತದ ಬೇರೆ ಬೇರೆ ಪ್ರಾಂತದ ಜನ ಏನು ತಿನ್ನುತ್ತಾರೋ ಅದನ್ನೇ ಇಲಿಗಳಿಗೆ ಹಾಕಿ ನೋಡಿದರು. ಪಂಜಾಬಿನ ಸಿಖ್ಖರ ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಹೆಚ್ಚೂ ಕಡಿಮೆ ಅನ್ನವನ್ನೇ ನೆಚ್ಚಿದ ಬಂಗಾಳ, ಮದ್ರಾಸ್ ಕಡೆಯ ಊಟ ತಿಂದವು ಸೊರಗಿದವು.

ಗಾಂಧೀಜಿ ಡಾಕ್ಟರ್‌ಗಳಿಗೆ, ವಿಜ್ಞಾನಿಗಳಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಏನು ಹೋಗುತ್ತದೆ? ಬೆಲ್ಲ ಮತ್ತು ಸಕ್ಕರೆಗೆ ಏನು ವ್ಯತ್ಯಾಸ? ಗಾಣದ ಎಣ್ಣೆ ಹೇಗೆ? ಬಂದ ಉತ್ತರಗಳನ್ನು ಹರಿಜನ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಹಾಕಿದರು.

ಅಕ್ಕಿಯ ವಿಷಯ ಹೀಗಿದೆ. ಭತ್ತದ ಹೊಟ್ಟಿನ ಕೆಳಗೆ ಕೆಂಪಗಿನ ತೆಳ್ಳನೆ ತೌಡಿನ ಪದರ ಇರುತ್ತದೆ. ಬಿ1 ಜೀವಸತ್ವ ಹೆಚ್ಚಾಗಿ ಇರುವುದು ಅಲ್ಲೇ. ಗಿರಣಿಯಲ್ಲಿ ಅಕ್ಕಿ ಬೆಳ್ಳಗೆ ಹೊಳೆಯುವ ತನಕ ಉಜ್ಜಿದರೆ ಅದು ತೌಡಿನ ಜೊತೆ ದನದ ಪಾಲಾಗುತ್ತದೆ. ಬೇರೆ ಏನೂ ತಿನ್ನದೆ ಅಂಥ ಅನ್ನವನ್ನೇ ನೆಚ್ಚಿದವರಿಗೆ ಬೆರಿಬೆರಿ ರೋಗ ಬರುತ್ತಿತ್ತು. ಕಾಲು ಬಾಯುವುದು, ನರ ಸೋಲುವುದು, ಹೃದಯ ಕೈಕೊಡುವುದು ಅದರ ಲಕ್ಷಣ. ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ಆ ಪದರ ಸಾಕಷ್ಟು ಉಳಿಯುತ್ತದೆ. ಭತ್ತವನ್ನು ಕುದಿಸಿ ಒಣಗಿಸಿ ಮಾಡುವ ಕುಚ್ಚಲಕ್ಕಿಯಲ್ಲಿ ಈ ಸತ್ವ ಕಾಳಿನ ಒಳಗೆ ಇಳಿಯುವುದರಿಂದ ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಕೊಂಕಣ ಕಡೆಯ ಉಕಡಾ ಅಕ್ಕಿ ಇದೇ.

ಗಾಂಧೀಜಿ ಇಲ್ಲಿ ಎರಡು ಲೆಕ್ಕ ಒಟ್ಟಿಗೆ ಕಂಡರು. ಅಕ್ಕಿ ಗಿರಣಿ ಊರಿಗೆ ಬಂದಾಗ ಕುಟ್ಟುವ ಹೆಂಗಸಿನ ಕೂಲಿ ಹೋಯಿತು, ಜೊತೆಗೆ ಅದೇ ಹೆಂಗಸಿನ ತಾಟಿನ ಸತ್ವವೂ ಹೋಯಿತು. ಬೆಲ್ಲದ ಗಾಣ, ಎಣ್ಣೆ ಗಾಣದ ಕಥೆಯೂ ಅದೇ.

ಸೊಪ್ಪಿನ ಬಗ್ಗೆಯೂ ಬರೆದರು. ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುವ ಹಸಿ ಎಲೆಗಳನ್ನು ದಿನಾ ಸ್ವಲ್ಪ ತಿಂದರೆ ಬಡವನ ಊಟದ ದೊಡ್ಡ ಕೊರತೆ ತುಂಬುತ್ತದೆ ಅನ್ನುವುದು ಅವರ ಮಾತಿನ ಸಾರ. ನಮ್ಮ ಕಡೆ ಪುಂಡಿಪಲ್ಲೆ, ಮೆಂತೆ, ರಾಜಗಿರಿ, ನುಗ್ಗೆಸೊಪ್ಪು ಅಂದ ಹಾಗೆ. ಸೋಯಾ ಕಾಳಿನ ಪ್ರಯೋಗವನ್ನೂ ವಾರ್ಧಾದ ಮಗನವಾಡಿಯಲ್ಲಿ ಮಾಡಿ ನೋಡಿದರು.

ಊಟದಿಂದ ಗೊತ್ತಾದ ಕೂಲಿ

1935ರಲ್ಲಿ ಗಾಂಧೀಜಿ ತಮ್ಮ ಸಂಸ್ಥೆಯ ಲೆಕ್ಕವನ್ನೇ ತೆರೆದು ನೋಡಿದರು. ಖಾದಿ ಅಗ್ಗವಾಗಿ ಮಾರಬೇಕು ಅಂತ ನೂಲುವ ಹೆಂಗಸಿಗೆ ಕೊಡುತ್ತಿದ್ದದ್ದು ಕೆಲವೇ ಕಾಸು. ದಿನವಿಡೀ ನೂತರೂ ಹೊಟ್ಟೆ ತುಂಬದಂಥ ಕೂಲಿ. ಬಡವರ ಹೆಸರಲ್ಲಿ ನಡೆಯುವ ಸಂಘವೇ ಬಡವರಿಗೆ ಕಡಿಮೆ ಕೊಡುತ್ತಿದೆ ಅನ್ನುವುದು ಅವರಿಗೆ ಚುಚ್ಚಿತು.

ಗಂಟೆಗೆ ಒಂದು ಆಣೆ, 8 ಗಂಟೆಗೆ ಎಂಟಾಣೆ ಕೂಲಿ ಇರಬೇಕು ಅನ್ನುವುದು ಅವರ ಆಸೆ. ಆಗ ರೂಪಾಯಿಗೆ 16 ಆಣೆ. ಭಂಡಾರ ನಡೆಸುವ ಕಾರ್ಯಕರ್ತರು ಗಾಬರಿಯಾದರು. ಕೂಲಿ ಏರಿದರೆ ಬಟ್ಟೆ ತುಟ್ಟಿ, ಬಟ್ಟೆ ತುಟ್ಟಿಯಾದರೆ ಗಿರಾಕಿ ಬರುವುದಿಲ್ಲ. ಗಿರಾಕಿ ಬರದಿದ್ದರೆ ನೂಲುವವರಿಗೆ ಇದ್ದ ಕಾಸೂ ಇಲ್ಲ. ಅಂಗಡಿ ಇಟ್ಟವರಿಗೆ ಈ ಇಕ್ಕಟ್ಟು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಎಂಟಾಣೆ ಆಗಲಿಲ್ಲ, ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸುವುದು ಅಂತಾಯಿತು. ಆದರೆ ಚರಕ ಸಂಘ ಒಪ್ಪಿಕೊಂಡ ತತ್ವ ದೊಡ್ಡದು. 8 ಗಂಟೆ ಚೊಕ್ಕ ಕೆಲಸ ಮಾಡಿದವರಿಗೆ ವರ್ಷಕ್ಕೆ 20 ಗಜ ಬಟ್ಟೆ ಮತ್ತು ವಿಜ್ಞಾನದ ಪ್ರಕಾರ ಬೇಕಾದ ಕನಿಷ್ಠ ಆಹಾರ ಸಿಗುವಷ್ಟು ಕೂಲಿ ಇರಲೇಬೇಕು. ಅಂದ್ರೆ ಕೂಲಿ ಎಷ್ಟು ಅನ್ನುವುದನ್ನು ಮಾರುಕಟ್ಟೆಯ ಬದಲು ಊಟದ ತಾಟಿನಿಂದ ಶುರು ಮಾಡಿ ಲೆಕ್ಕ ಹಾಕುವುದು. ದೇಶದಲ್ಲಿ ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ, ಇದಾಗಿ 13 ವರ್ಷದ ಮೇಲೆ.

ಹುದಲಿಯಲ್ಲಿ ಐದು ದಿನ

1936ರಲ್ಲಿ ಗಾಂಧೀಜಿ ವಾರ್ಧಾ ಹತ್ತಿರದ ಸೇಗಾಂವ್ ಅನ್ನುವ ಹಳ್ಳಿಗೆ ಹೋಗಿ ನೆಲೆಸಿದರು. ಸುಮಾರು 600 ಜನರ ಬಡ ಊರು, ಹೆಚ್ಚಿನವರು ದಲಿತರು. ಅದೇ ವರ್ಷ ಅವರಿಗೂ ಮಲೇರಿಯಾ ಬಡಿಯಿತು. ಮುಂದೆ ಈ ಹಳ್ಳಿಗೆ ಸೇವಾಗ್ರಾಮ ಅಂತ ಹೆಸರಾಯಿತು.

1937ರ ಏಪ್ರಿಲ್ 16ರಿಂದ 20ರವರೆಗೆ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲಿ ನಡೆಯಿತು. ಪಟ್ಟಣದ ಬದಲು ಹಳ್ಳಿಯಲ್ಲಿ ಸೇರುವುದೇ ಅದರ ಪಾಠ. ಗಂಗಾಧರರಾವ್ ದೇಶಪಾಂಡೆ ಆ ಹೊತ್ತಿಗೆ ಹುದಲಿ ಸುತ್ತ ಖಾದಿ ಕೆಲಸ ಬೆಳೆಸಿ, ಖಾದಿ ಭಗೀರಥ ಅಂತ ಹೆಸರಾಗಿದ್ದರು. ಸಂಘದ ಸದಸ್ಯರು ಶಾಸನಸಭೆಗೆ ಹೋಗಬೇಕೋ ಬೇಡವೋ ಅಂತ ಸಮ್ಮೇಳನದಲ್ಲಿ ಬಿಸಿ ಚರ್ಚೆ ನಡೆಯಿತು. ಆದರೆ ಹುದಲಿಗೆ ಉಳಿದದ್ದು ಚರಕ. ಹುದಲಿ ಖಾದಿಗೆ ಇಂದಿಗೂ ಹೆಸರಿದೆ, ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು.

ಜೈಲಿನಲ್ಲಿ ಬರೆದ ಪಟ್ಟಿ

1942ರ ಆಗಸ್ಟ್‌ನಲ್ಲಿ ಗಾಂಧೀಜಿಯನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಸಿಟ್ಟರು. ಅಲ್ಲಿ ಕೂತು ಆರೋಗ್ಯದ ಬಗ್ಗೆ ಹೊಸದಾಗಿ ಒಂದು ಸಣ್ಣ ಪುಸ್ತಕ ಬರೆದರು. 1913ರಲ್ಲಿ ಆಫ್ರಿಕಾದಲ್ಲಿ ಬರೆದಿದ್ದ ಮಾತುಗಳನ್ನು ಅನುಭವದ ಮೇಲೆ ತಿದ್ದಿ ಬರೆದದ್ದು ಇದು.

ಅದರಲ್ಲಿ ಕೂತು ಕೆಲಸ ಮಾಡುವವನ ಒಂದು ದಿನದ ಊಟದ ಪಟ್ಟಿ ಇದೆ. ಆಕಳ ಹಾಲು 2 ಪೌಂಡ್, ಅಂದ್ರೆ ಸುಮಾರು 900 ಗ್ರಾಂ. ಗೋಧಿ, ಅಕ್ಕಿ, ಸಜ್ಜೆ ಎಲ್ಲ ಸೇರಿ ಧಾನ್ಯ 6 ಔನ್ಸ್, ಅಂದ್ರೆ 170 ಗ್ರಾಂ. ಸೊಪ್ಪು 3 ಔನ್ಸ್, ಬೇರೆ ತರಕಾರಿ 5 ಔನ್ಸ್, ಹಸಿ ತರಕಾರಿ 1 ಔನ್ಸ್. ತುಪ್ಪ ಒಂದೂವರೆ ಔನ್ಸ್, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸ್. ಹಣ್ಣು ಮಾತ್ರ ರುಚಿ ಮತ್ತು ಕಿಸೆ ನೋಡಿಕೊಂಡು. ಹಾಲು ಕುಡಿಯುವವರು ಮರಿ ಆಗದ ಮೊಟ್ಟೆ ತಿನ್ನಲು ಅಡ್ಡಿ ಇಲ್ಲ ಅಂತಲೂ ಬರೆದರು.

ಪಟ್ಟಿಯನ್ನು ಗಮನಿಸಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. 1891ರ ಲೇಖನದ ಬಡವನಿಗೆ ರೊಟ್ಟಿ ಮತ್ತು ಉಪ್ಪು ಬಿಟ್ಟರೆ ಬೇರೆ ಇರಲಿಲ್ಲ. ಈ ಪಟ್ಟಿಯಲ್ಲಿ ಧಾನ್ಯವೇ ಕಡಿಮೆ, ಹಾಲು, ಸೊಪ್ಪು, ತುಪ್ಪ ಹೆಚ್ಚು. ಆದರೆ ಕೂಲಿಯವನ ಮನೆಗೆ ತಲೆಗೆ 2 ಪೌಂಡ್ ಹಾಲು ಎಲ್ಲಿಂದ ಬರಬೇಕು? ಜ್ಞಾನ ಒಂದೇ ಇದ್ದರೆ ತಾಟು ತುಂಬುವುದಿಲ್ಲ, ಕಿಸೆಯಲ್ಲೂ ಇರಬೇಕು. ಚರಕ, ಕೂಲಿ, ಹೈನುಗಾರಿಕೆ ಅಂತ ಗಾಂಧೀಜಿ ಜೀವನಪೂರ್ತಿ ಓಡಾಡಿದ್ದು ಈ ಅಂತರ ಮುಚ್ಚಲಿಕ್ಕೇ.

1943ರಲ್ಲಿ, ಅವರು ಬಂಧನದಲ್ಲಿ ಇದ್ದಾಗಲೇ, ಬಂಗಾಳದಲ್ಲಿ ಭೀಕರ ಕ್ಷಾಮ. ಲಕ್ಷಾಂತರ ಜನ ಸತ್ತರು. ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೊಳ್ಳುವ ಶಕ್ತಿ ಇಲ್ಲದೆ ಕೂಲಿಕಾರರು, ಮೀನುಗಾರರು ದಾರಿಯಲ್ಲೇ ಬಿದ್ದರು.

ಕೊನೆಯ ಲೆಕ್ಕ ತಪ್ಪಿತೇ?

ಸ್ವಾತಂತ್ರ್ಯ ಬಂದ ಮೇಲೆ 1947ರ ಕೊನೆಯಲ್ಲಿ ಗಾಂಧೀಜಿ ದೆಹಲಿಯ ಪ್ರಾರ್ಥನಾ ಸಭೆಗಳಲ್ಲಿ ಆಹಾರಧಾನ್ಯದ ಮೇಲಿನ ಸರ್ಕಾರಿ ನಿಯಂತ್ರಣ ತೆಗೆಯಬೇಕು ಅಂತ ಒತ್ತಾಯಿಸಿದರು. ನಿಯಂತ್ರಣದಿಂದ ಕಾಳಸಂತೆ, ಲಂಚ ಬೆಳೆಯುತ್ತದೆ, ವ್ಯಾಪಾರಿಗಳನ್ನು ನಂಬಿದರೆ ಅವರೂ ಪ್ರಾಮಾಣಿಕರಾಗಿ ನಡೆಯುತ್ತಾರೆ ಅನ್ನುವುದು ಅವರ ವಿಶ್ವಾಸ. ಡಿಸೆಂಬರ್‌ನಿಂದ ಸರ್ಕಾರ ನಿಯಂತ್ರಣ ಸಡಿಲಿಸಿತು.

1948ರ ಜನವರಿ 30ರಂದು ಗಾಂಧೀಜಿಯ ಕೊಲೆಯಾಯಿತು. ಆ ವರ್ಷ ಧಾನ್ಯದ ಬೆಲೆ ಏರುತ್ತಲೇ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಮತ್ತೆ ನಿಯಂತ್ರಣ ತರಬೇಕಾಯಿತು. ವ್ಯಾಪಾರಿಗಳ ಮೇಲೆ ಅವರು ಇಟ್ಟ ನಂಬಿಕೆಗೆ ಆ ಸಲ ಬೆಲೆ ಸಿಗಲಿಲ್ಲ. ಬದುಕಿದ್ದರೆ ಇದನ್ನೂ ಸೋತ ಪ್ರಯೋಗ ಅಂತ ಬರೆಯುತ್ತಿದ್ದರೋ ಏನೋ.

ಈಗಿನ ತಾಟು

ಅವರ ಗ್ರಾಮೋದ್ಯೋಗದ ಕೆಲಸ 1950ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೈಗೆ ಬಂತು. ಅದೇ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿದೆ. ಖಾನಾಪುರದ ಮಣ್ಣಿನ ಪಾತ್ರೆ, ಹೆಂಚಿಗೆ ಮೊದಲಿಂದಲೂ ಹೆಸರು. ಹೊಲದ ಕೆಲಸ ಇಲ್ಲದಾಗ ಕೈಗೆ ಕೆಲಸ ಬೇಕು ಅನ್ನುವ 1924ರ ಮಾತಿನ ಮುಂದುವರಿಕೆ ಇದು.

ಈಗ ಪಡಿತರ ಅಂಗಡಿಯಿಂದ ಅಕ್ಕಿ ಸಿಗುತ್ತದೆ. ಹಸಿವಿನಿಂದ ಸಾಯುವ ಕಾಲ ಹೋಗಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹೆಚ್ಚೂ ಕಡಿಮೆ ಇಬ್ಬರಲ್ಲಿ ಒಬ್ಬರು. ಹೊಟ್ಟೆ ತುಂಬಿದೆ, ತಾಟಿನಲ್ಲಿ ಸತ್ವ ಇಲ್ಲ. ಇನ್ನೊಂದು ಕಡೆ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ ಹಳ್ಳಿಗೂ ಬಂದಿವೆ.

ಗಾಂಧೀಜಿ ಹೇಳಿದ್ದೆಲ್ಲ ಈಗ ನಡೆಯುವುದಿಲ್ಲ. ಒನಕೆ ಹಿಡಿದು ಭತ್ತ ಕುಟ್ಟು ಅಂತ ಯಾವ ಹೆಣ್ಣುಮಗಳಿಗೂ ಹೇಳುವಂತಿಲ್ಲ. ಬೆಲ್ಲವೂ ಸಕ್ಕರೆ ಕಾಯಿಲೆ ಇದ್ದವರಿಗೆ ಔಷಧ ಅಲ್ಲ. ಆದರೆ ಕಡಿಮೆ ಪಾಲಿಶ್ ಅಕ್ಕಿ, ಉಕಡಾ ಅಕ್ಕಿ, ಜೋಳದ ರೊಟ್ಟಿ, ರಾಗಿ ಅಂಬಲಿ, ಒಂದು ಹಿಡಿ ಬೇಳೆ-ಕಾಳು, ಒಂದು ಕಟ್ಟು ಸೊಪ್ಪು, ಸ್ವಲ್ಪ ಶೇಂಗಾ ಹಿಂಡಿ ಈ ಜಿಲ್ಲೆಯ ಯಾವ ಸಂತೆಯಲ್ಲಿ ಸಿಗುವುದಿಲ್ಲ? ಖಾನಾಪುರದ ಅಂಗಡಿಯಲ್ಲಿ ಬೆಳ್ಳನೆ ಅಕ್ಕಿಯ ಚೀಲದ ಪಕ್ಕ ಕೆಂಪಕ್ಕಿಯ ಚೀಲವೂ ಒಂದು ಇದ್ದರೆ ಕೇಳಿ ತಗೊಳ್ಳುವ ಗಿರಾಕಿ ಬಂದೇ ಬರುತ್ತಾರೆ.

ಇನ್ನೊಂದು ಅರ್ಧ ಲೆಕ್ಕ ಕೂಲಿಯದು. ದುಡಿಯುವ ಕೈಗೆ ಕೊಡುವ ಕೂಲಿಯಲ್ಲಿ ಆ ಮನೆಯ ಹಾಲು, ಬೇಳೆ, ಸೊಪ್ಪು ಬರುತ್ತದೋ ಇಲ್ಲವೋ ಅನ್ನುವುದು 1935ರಲ್ಲಿ ಚರಕ ಸಂಘದ ಮುಂದಿದ್ದ ಪ್ರಶ್ನೆ. ಅಂಗಡಿಯಲ್ಲಿ ಆಳು ಇಟ್ಟವರು, ಹೊಲಕ್ಕೆ ಕೂಲಿ ಕರೆಯುವವರು ಆ ಪ್ರಶ್ನೆಗೆ ಇಂದೂ ಉತ್ತರ ಕೊಡಬೇಕಾಗಿದೆ.